ಅತ್ತೆಯ ಕನ್ನಡಕದಲ್ಲಿ ಕಂಡ ತುಂಬೆ

ನಮ್ಮ ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದು, ಅಂಗೈಯಲ್ಲಿ ಹಿಡಿದ ಲಿಂಗವೇ ಕಾಣದ ಹಾಗಾಗಿತ್ತು. ಮೈಸೂರಿಗೆ ಕರೆದುಕೊಂಡು ಹೋಗಿ ಪೊರೆ ತೆಗೆಸಿದೆವು. ಎಡಗಣ್ಣು ಬರಲಿಲ್ಲ, ಬಲಗಣ್ಣು ಬಂತು. ಒಂದಾದರೂ ಬಂತಲ್ಲ ಎಂದು ನೆನೆದಾಗಲೆಲ್ಲ ಕೈ ಮುಗಿಯುತ್ತೇನೆ. ಆಸ್ಪತ್ರೆಗೆ ಹೊರಡುವ ದಿನ ಅತ್ತೆ ಹರಕೆ ಹೊತ್ತಿದ್ದರು. ಕಣ್ಣು ಬಂದರೆ ಶಿವನಿಗೆ ಲಕ್ಷ ತುಂಬೆ ಹೂವು ಏರಿಸುತ್ತೇನೆ, ಒಂದೊಂದನ್ನೂ ನನ್ನ ಕಣ್ಣಿಂದಲೇ ನೋಡಿ ಏರಿಸುತ್ತೇನೆ ಎಂದು.

ನರಸಿಂಹರಾಜಪುರದ ಪೇಟೆ ಬೀದಿಯಲ್ಲಿ ನಮ್ಮ ಮನೆ. ಯಜಮಾನರದು ಅಕ್ಕಿ ಬೇಳೆಯ ಅಂಗಡಿ. ಹಿತ್ತಲಲ್ಲಿ ಕಟ್ಟಿಗೆ ಒಟ್ಟಿದ ಕಡೆಯಿಂದ ಬಾವಿಯ ತನಕ ತುಂಬೆ ತಾನಾಗಿ ಎದ್ದು ನಿಲ್ಲುತ್ತಿತ್ತು. ಮಳೆ ಹಿಂದಾದ ಮೇಲೆ ದಿನಕ್ಕೆ ಮುನ್ನೂರು ಹೂವು ಸಿಕ್ಕರೆ ಅದೇ ಪುಣ್ಯ. ಬಿಡಿಸುವುದು ನಾನು, ಏರಿಸುವುದು ಅತ್ತೆ. ನೂರು ಹೂವಿಗೆ ಒಂದು ಹುಣಿಸೆ ಬೀಜವನ್ನು ಹಿತ್ತಾಳೆ ತಂಬಿಗೆಗೆ ಹಾಕುತ್ತಿದ್ದರು. ಸಾವಿರ ಬೀಜವಾದರೆ ಲಕ್ಷ. ನಾನು ಹೇಳುತ್ತಿರುವುದು ನಡೆದ ಹೊತ್ತಿಗೆ ಮೂರನೆಯ ವರ್ಷ, ಬೀಜ ಆರುನೂರು ದಾಟಿತ್ತು.

ಕಾಫಿ ತೋಟದ ದೊರೆಯೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಯಜಮಾನರಿಗೆ ಒಂದು ಡಬ್ಬಿ ಕ್ಯಾಮೆರಾವನ್ನೂ ಮೂರು ಸುರುಳಿ ಫಿಲಂ ಅನ್ನೂ ಕೊಟ್ಟು ಹೋಗಿದ್ದರು. ಒಂದು ಸುರುಳಿಗೆ ಎಂಟೇ ಪಟ. ಯುದ್ಧದ ಕಾಲ, ಅದು ಮುಗಿದರೆ ಇನ್ನೊಂದು ಸಿಕ್ಕುವ ಭರವಸೆ ಇರಲಿಲ್ಲ. ಎರಡು ಸುರುಳಿಯಲ್ಲಿ ನೆಂಟರಿಷ್ಟರೆಲ್ಲ ಗೋಡೆಗೆ ಒರಗಿ ನಿಂತರು. ನಡುವೆ ನಾನೂ ಹಿತ್ತಲಲ್ಲಿ ಎರಡು ಪಟ ತೆಗೆದಿದ್ದೆ. ಅವು ತೊಳೆದು ಬಂದ ದಿನ ಯಜಮಾನರು ನಗುವುದೇ ನಗುವುದು.

"ಇದೆಂತ ಮಾರಾಯ್ತಿ, ಹಿಂಜಿದ ಹತ್ತಿ ಫೋಟೋ ತೆಗ್ದೀಯಾ?"

"ಬಸವನಹುಳ ರೀ ಅದು."

"ಈ ಡಬ್ಬಿಗೆ ನಾಲ್ಕು ಮಾರು ದೂರ ನಿಲ್ಬೇಕು. ಮೂಗಿಗೆ ತಾಗ್ಸಿದ್ರೆ ಇದಕ್ಕೂ ಅವ್ವನ ಹಾಗೆ ಪೊರೆ ಬರ್ತದೆ."

ಅವರು ತಮಾಷೆಗೆ ಅಂದದ್ದು. ನನಗೆ ರೊಟ್ಟಿ ತಟ್ಟುವಾಗಲೂ ಅದೇ ಯೋಚನೆ. ಪೊರೆಯಾದರೆ ಕನ್ನಡಕ ಉಂಟಲ್ಲ! ಅತ್ತೆಯ ಕನ್ನಡಕದ ಗಾಜು ನಡುವೆ ದಪ್ಪ, ಗುಂಡು. ಹಾಕಿಕೊಂಡರೆ ಅವರ ಕಣ್ಣು ಹಸುವಿನ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ನಾಚಿಕೆ ಬಿಟ್ಟು ಕೇಳಿದೆ.

"ಕ್ಯಾಮೆರಾಕ್ಕೂ ಚಾಳೀಸಾ? ಅದಕ್ಕೆ ವಯಸ್ಸೆಷ್ಟಂತೆ?" ಎಂದರು ಅತ್ತೆ. ಆಮೇಲೆ ತೆಗೆದು ನನ್ನ ಕೈಗಿಟ್ಟರು. "ಜೋಪಾನ ಕಣೇ. ಇದು ಒಡೆದ್ರೆ ಮತ್ತೆ ನಾನು ಗೋಡೆ ಸವರ್ಕೊಂಡು ಓಡಾಡೋದೇ."

ಖಾಲಿ ಕ್ಯಾಮೆರಾದ ಹಿಂಬದಿ ತೆಗೆದು, ಫಿಲಂ ಕೂರುವ ಕಡೆ ಕೊಬ್ಬರಿ ಎಣ್ಣೆ ಸವರಿದ ತೆಳು ಕಾಗದ ಅಂಟಿಸಿದೆ. ಮುಂದೆ ಕನ್ನಡಕ ಕಟ್ಟಿ, ಬೆಳಕು ಒಳಬಿಡುವ ಪುಟ್ಟ ಬಾಗಿಲು ತೆರೆದಿಟ್ಟು, ತಲೆಯ ಮೇಲೆ ಕಂಬಳಿ ಹೊದ್ದು, ತುಂಬೆ ಗಿಡದ ಮುಂದೆ ನೆಲಕ್ಕೆ ಮಲಗಿದೆ. ಮೊದಲು ಬರೀ ಬಿಳಿ ಮಂಜು. ಅಂಗುಲ ಅಂಗುಲವಾಗಿ ಮುಂದೆ ಸರಿಸಿದೆ. ಗಾಜಿಗೂ ಹೂವಿಗೂ ಐದು ಬೆರಳಿನ ಅಂತರ ಉಳಿದಾಗ, ಕಂಬಳಿಯ ಕತ್ತಲೆಯೊಳಗೆ ಹೂವು ಎದ್ದು ಬಂತು.

ತಲೆಕೆಳಗಾಗಿತ್ತು. ಆದರೂ ಎಂಥ ಹೂವು! ದಿನಾ ಮುನ್ನೂರರಂತೆ ಕಿತ್ತವಳು ನಾನು. ನನ್ನ ಉಗುರಿಗಿಂತ ಒಂದಿಷ್ಟು ದೊಡ್ಡ ಬಿಳಿ ಚೂರು ಎಂದಷ್ಟೇ ತಿಳಿದಿದ್ದೆ. ಅದಕ್ಕೊಂದು ಹೆಡೆ, ಹೆಡೆಯ ಮೇಲೆಲ್ಲ ಎಳೆಗರುವಿನ ಕಿವಿಯಲ್ಲಿರುವಂಥ ಕೂದಲು, ಕೆಳಗೆ ಅಗಲವಾದ ಜಗುಲಿ. ಇಷ್ಟು ಕುಸುರಿ ಕೆಲಸವನ್ನು ಕಟ್ಟಿಗೆ ಒಟ್ಟಿದ ಜಾಗದಲ್ಲಿ, ಯಾರೂ ನೋಡದಿದ್ದರೂ ಮಾಡಿಟ್ಟವನು ಯಾರಪ್ಪಾ ಎಂದು ನನ್ನ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಏನೇ ಅದು, ಮಾತೇ ಇಲ್ಲ? ನಂಗೂ ತೋರ್ಸೇ."

"ಹೆಂಗೆ ತೋರ್ಸ್ಲಿ ಅತ್ತೆ? ನಿಮ್ಮ ಕಣ್ಣು ಇದರ ಮುಂದೆ ಕಟ್ಟಿದೀನಲ್ಲ!"

ಅವರು ನಕ್ಕರು. ಅವರಿಗೆ ತೋರಿಸಬೇಕಾದರೆ ಪಟವೇ ಆಗಬೇಕು. ಯಜಮಾನರು ಉಳಿದೊಂದು ಸುರುಳಿಯನ್ನು ನನ್ನ ಕೈಗೆ ಕೊಟ್ಟು, "ಎಂಟೂ ಹತ್ತಿ ಹಿಂಜ್ಬೇಡ" ಎಂದರು.

ಫಿಲಂ ಹಾಕಿದ ಮೇಲೆ ಒಳಗೆ ಇಣುಕುವ ಹಾಗಿಲ್ಲ. ಐದು ಬೆರಳಿನಷ್ಟು ಪೊರಕೆ ಕಡ್ಡಿ ಮುರಿದು ಅದನ್ನೇ ಅಳತೆಗೆ ಇಟ್ಟುಕೊಂಡೆ. ಮಣೆಯ ಮೇಲೆ ಕ್ಯಾಮೆರಾ. ಗಾಳಿಗೆ ಗಿಡ ಕುಣಿಯುತ್ತಿತ್ತು. ಅತ್ತೆ ಕೈಯಾಡಿಸುತ್ತಾ ಬಂದು ಗಾಳಿಗೆ ಅಡ್ಡವಾಗಿ ಕುಳಿತು, ಕಂಬಳಿಯನ್ನು ಎರಡೂ ಕೈಯಲ್ಲಿ ಗೋಡೆಯ ಹಾಗೆ ಹರವಿ ಹಿಡಿದರು. ಕಣ್ಣು ಕಾಣದ ಆ ಜೀವ ಎಳೆಬಿಸಿಲಿಗೆ ಮುಖ ಮಾಡಿ ಅಲುಗದೆ ಕುಳಿತಿತ್ತು.

"ಆಯ್ತೇನೇ?"

"ಮಾತಾಡ್ಬೇಡಿ ಅತ್ತೆ, ನಿಮ್ಮ ಉಸಿರಿಗೂ ಅಲ್ಲಾಡ್ತದೆ."

ನಾಲ್ಕು ದಿನ ಬೆಳಿಗ್ಗೆ ಎರಡೆರಡು ಪಟ. ಸುರುಳಿ ಚಿಕ್ಕ ರೈಲಿನಲ್ಲಿ ತರೀಕೆರೆಗೆ, ಅಲ್ಲಿಂದ ಶಿವಮೊಗ್ಗದ ಸ್ಟುಡಿಯೋಗೆ ಹೋಯಿತು. ಮೂರು ವಾರದ ಮೇಲೆ ಲಕೋಟೆ ಬಂತು. ಏಳು ಪಟ ಹತ್ತಿ. ಎಂಟನೆಯದನ್ನು ಸ್ಟುಡಿಯೋದವರು ನಾವು ಹೇಳದಿದ್ದರೂ ಅಂಗೈಯಗಲ ದೊಡ್ಡದು ಮಾಡಿ ಕಳಿಸಿ, ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದರು: 'ಇದು ಯಾವ ದೇಶದ ಹೂವು?'

ಅತ್ತೆ ಕನ್ನಡಕ ಸರಿಮಾಡಿಕೊಂಡು ಪಟವನ್ನು ಬೆಳಕಿಗೆ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿ "ಶಿವಶಿವಾ" ಎಂದರು. ಆಮೇಲೆ ಬೆರಳಿಟ್ಟು ಕೇಳಿದರು.

"ಇಲ್ಲಿ ಕೂತದ್ದು ಯಾರೇ?"

ಹೂವಿನ ಜಗುಲಿಯ ಮೇಲೆ ಎಳ್ಳಿಗಿಂತ ಸಣ್ಣದೊಂದು ಹುಳ. ಪಟದಲ್ಲಿ ಅದರ ಮಡಿಸಿದ ರೆಕ್ಕೆಯೂ ಕಾಣುತ್ತಿತ್ತು. ಒಳಗೆ ನೆರಳಲ್ಲಿ ಇನ್ನೊಂದರ ತಲೆ.

"ಜೀವ ಅಲ್ವನೇ ಇದು? ನಾನು ಏರಿಸಿದ್ದರಲ್ಲೂ ಇದ್ದವಾ?"

ಇಲ್ಲ ಎನ್ನಬಹುದಿತ್ತು. "ಒಂದರಲ್ಲಿ ಇತ್ತು ಅಂತ ಎಲ್ಲದರಲ್ಲೂ ಇರ್ತದಾ ಅವ್ವ? ಬಿಡು" ಎಂದರು ಯಜಮಾನರು. ಅತ್ತೆ ಬಿಡಲಿಲ್ಲ. ಆ ದಿನದ ಹೂವಿನಲ್ಲಿ ಹತ್ತನ್ನು ಕಂಬಳಿಯ ಮೇಲೆ ಕೊಡವಿಸಿ, ಕನ್ನಡಕದ ಗಾಜನ್ನು ಹಿಡಿದು ನನ್ನಿಂದ ನೋಡಿಸಿದರು. ಮೂರರಿಂದ ಹುಳ ಇಳಿದವು.

ಮರುದಿನ ಸ್ನಾನ ಮಾಡಿ ಬಂದು ನೋಡುತ್ತೇನೆ, ಅತ್ತೆ ತಂಬಿಗೆಯನ್ನು ಬೋರಲು ಹಾಕಿ ಬೀಜವನ್ನೆಲ್ಲ ಮೊರಕ್ಕೆ ಸುರಿದಿದ್ದಾರೆ. ಮೂರು ವರ್ಷದ್ದು. ಲಕ್ಷ ಮುಗಿಯಲು ಬಾಕಿ ಇದ್ದದ್ದು ಮೂರೂವರೆ ನೂರು ಬೀಜ, ಅಷ್ಟೇ. ಅವರಿಗಾಗಲೇ ವಯಸ್ಸು ಎಪ್ಪತ್ತರ ಹತ್ತಿರ. ಇನ್ನೊಂದು ಲಕ್ಷಕ್ಕೆ ಆಯುಸ್ಸು ಬೇಕು, ಆ ಒಂದು ಕಣ್ಣೂ ಉಳಿಯಬೇಕು. ಒಂದು ಪಟದ ಆಸೆಗೆ ನಾನೇ ಅವರ ಹರಕೆ ಕೆಡಿಸಿದೆ ಎಂದು ಅಳುತ್ತಾ ಕುಳಿತೆ.

"ಅಳೋದೆಂತಕ್ಕೇ ಹುಚ್ಚಿ?" ಎಂದರು ಅತ್ತೆ. "ನೋಡಿ ಏರಿಸ್ತೀನಿ ಅಂದಿದ್ದೆ. ನೋಡಿದ್ನಾ? ಕಣ್ಣು ಬಂದು ಮೂರು ವರ್ಷ ಆಗಿತ್ತು, ನೋಡೋದು ಈಗ ಬಂತು. ಹೋಗು, ಬುಟ್ಟಿ ತಗೊಂಬಾ."

ಅಂದಿನಿಂದ ಕ್ರಮ ಬೇರೆಯಾಯಿತು. ನಾನು ಗಿಡದ ಹತ್ತಿರವೇ ಒಂದೊಂದು ಹೂವನ್ನೂ ಬುಟ್ಟಿಯ ಅಂಚಿಗೆ ಮೆಲ್ಲಗೆ ತಟ್ಟುತ್ತಿದ್ದೆ. ಅತ್ತೆ ಪೂಜೆಗೆ ಕುಳಿತು ಇನ್ನೊಮ್ಮೆ ತಟ್ಟಿ, "ಯಾರಿದ್ದೀರಿ ಮಾರಾಯ್ರೇ, ಇಳೀರಿ" ಎಂದು ಗಾಜಿನ ಹತ್ತಿರ ಹಿಡಿದು ನೋಡಿ, ಆಮೇಲೆ ಏರಿಸುತ್ತಿದ್ದರು. ಮುನ್ನೂರು ಹೂವಿಗೆ ಹಿಡಿಯುವ ಹೊತ್ತಿನಲ್ಲಿ ಈಗ ನೂರೈವತ್ತು. ಯಜಮಾನರಿಗೆ ಊಟ ತಡವಾಗುತ್ತಿತ್ತು, ಅವರು ಗೊಣಗಲಿಲ್ಲ. ಅದನ್ನೂ ದೇವರ ದಯೆಯ ಲೆಕ್ಕಕ್ಕೇ ಸೇರಿಸುತ್ತೇನೆ. ಯುದ್ಧ ಮುಗಿಯಿತು, ಫಿಲಂ ಮತ್ತೆ ಸಿಕ್ಕಿತು, ತಂಬಿಗೆಯಲ್ಲಿ ಬೀಜ ಏರುತ್ತಲೇ ಇತ್ತು.

ಹೊಸದಾಗಿ ಎಣಿಸತೊಡಗಿದ ಮೇಲೆ ಏಳನೆಯ ತುಂಬೆಗಾಲದಲ್ಲಿ ಸಾವಿರದ ಬೀಜಕ್ಕೆ ಬಂದೆವು. ಕೊನೆಯ ಹೂವನ್ನು ಅತ್ತೆ ತಟ್ಟಿದರು, ನೋಡಿದರು, ಅಂಗೈಯ ಲಿಂಗದ ಮೇಲಿಟ್ಟರು. ಹೆಡೆಯ ಒಳಗಿನಿಂದ ಒಂದು ಹುಳ ಹೊರಬಂತು. ಎರಡು ಸಲ ತಟ್ಟಿದರೂ ಇಳಿಯದೆ ಉಳಿದದ್ದು. ಕರಿಯ ಲಿಂಗದ ಮೇಲೆ ಅದು ನಡೆಯತೊಡಗಿತು. ಮಂಗಳಾರತಿಗೆ ಕರ್ಪೂರ ಹಚ್ಚಲು ನಾನು ಕೈ ಚಾಚಿದೆ.

"ತಡಿಯೇ," ಎಂದರು ಅತ್ತೆ, ತುಟಿ ಅಲುಗಿಸದೆ. "ಇಳಿದು ಹೋಗ್ಲಿ."

ಐದು ಬೆರಳಿನ ದೂರದಲ್ಲಿ ಅವರ ದೊಡ್ಡ ಕಣ್ಣು, ಎವೆ ಇಕ್ಕದೆ. ಗಾಳಿ ಬಾರದಿರಲಿ ಎಂದು ನಾನು ಕಿಟಕಿಗೆ ಅಡ್ಡವಾಗಿ ಸೆರಗು ಹರವಿ, ಉಸಿರು ಹಿಡಿದು ನಿಂತೆ.