ತಾಕತ್ತಿನ ಬಾಟಲಿ

ಚೊಚ್ಚಲ ಬಾಣಂತನಕ್ಕೆ ನಾನು ಗೊಬ್ಬೂರಿನ ತವರಿಗೆ ಬಂದಿದ್ದೆ. ನಿಜಾಮರ ಕಾಲ ಅದು. ಮಗಳು ಹುಟ್ಟಿದಳು, ಆದರೆ ಎದೆಯಲ್ಲಿ ಹಾಲು ಸಾಲುತ್ತಿರಲಿಲ್ಲ. ಕೂಸು ಚೀಪಿ ಚೀಪಿ ಸಾಕಾಗಿ ಕಿರುಚುತ್ತಿತ್ತು, ದಿನೇ ದಿನೇ ಇಳಿಯುತ್ತಿತ್ತು. ನನ್ನ ಜೀವ ಬಾಯಿಗೆ ಬಂದಿತ್ತು. ಅವ್ವ ಅಂಟಿನುಂಡಿ ತಿನ್ನಿಸಿದಳು, ಸಬ್ಬಸಿಗೆ ತಿನ್ನಿಸಿದಳು. ನೀರು ಮಾತ್ರ ಗಂಟಲು ನೆನೆಯುವಷ್ಟೇ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ಥಂಡಿಯಾಗುತ್ತದೆ ಎಂಬುದು ನಮ್ಮ ಕಡೆಯ ಕಟ್ಟುಪಾಡು.

ಅಪ್ಪ ಅಫಜಲಪುರದ ಸಂತೆಯಿಂದ ತಾಕತ್ತಿನ ಔಷಧಿಯ ಬಾಟಲಿ ತಂದ. ಅವ್ವ ಒಂದು ಹನಿಯನ್ನು ತುಪ್ಪ ಪರೀಕ್ಷೆ ಮಾಡುವಂತೆ ಅಂಗೈಯಲ್ಲಿ ತಿಕ್ಕಿದಳು, ಮೂಸಿದಳು, ನೆಕ್ಕಿದಳು.

“ಬರೇ ಬೆಲ್ಲದ ನೀರ ಅದ. ಮೊದಲ ಎಮ್ಮಿಗಿ ಹಾಕಿ ನೋಡೂಣು. ಹಾಲ ಹೆಚ್ಚಾದ್ರ ಇಕಿಗಿ ಕೊಡೂಣು.”

“ಎಮ್ಮಿಗಿ ಅಲ್ಲ, ಮಗಳಿಗಿ ತಂದೀನಿ!” ಎಂದು ಅಪ್ಪ ಸಿಡುಕಿದ. ಉರ್ದು ಶಾಲೆಯಲ್ಲಿ ಕಲಿತವನು, ಬಾಟಲಿಯ ಮೇಲಿನ ಚೀಟಿ ಓದಿ ಹೇಳಿದ: ಒಂದು ಚಮಚ ಔಷಧಿ, ತಂಬಿಗೆ ತುಂಬ ಬೆಚ್ಚನೆ ನೀರಿನಲ್ಲಿ ಕಲಸಿ, ಮುಂಜಾನೆ, ಮಧ್ಯಾಹ್ನ, ಸಂಜೆ.

“ಬಾಣಂತಿಗಿ ತಂಬಿಗಿ ನೀರಾ?” ಅವ್ವ ಹೌಹಾರಿದಳು.

“ಅಚ್ಚಿನಾಗ ಹಾಕ್ಯಾರ, ಸುಳ್ಳಿರ್ತದೇನು?”

ಅಚ್ಚಿನ ಮಾತಿಗೆ ಹೆದರಿ ಅವ್ವ ತಂಬಿಗೆ ತುಂಬಿ ಕೊಟ್ಟಳು. ನಾನು ಗಟಗಟ ಕುಡಿದೆ. ಅಬ್ಬಾ, ಆ ಸುಖ! ಕೆಲವೇ ದಿನಗಳಲ್ಲಿ ಎದೆ ಭಾರವಾಯಿತು, ಕೂಸು ಕುಡಿದು ನಿದ್ದೆ ಹೋಗತೊಡಗಿತು. ಅವ್ವ ಬಾಟಲಿಗೆ ಕೈ ಮುಗಿದಳು.

ಆದರೆ ನಾನು ಮೊದಲಿನಿಂದಲೂ ಕೆದಕುವ ಗುಣದವಳು. ಬಾಟಲಿ ಖಾಲಿಯಾಗಿತ್ತು, ಮುಂದಿನ ಸಂತೆಗೆ ಇನ್ನೂ ದಿನಗಳಿದ್ದವು.

“ಅವ್ವಾ, ಅಲ್ಲೀತನಕ ಬರೇ ನೀರ ಕೊಡು. ಹಾಲ ಬತ್ತಿದ್ರ ಅದು ಬಾಟ್ಲಿ ಗುಣ. ಬತ್ತಲಿಲ್ಲಂದ್ರ ನೀರಿನ ಗುಣ.”

“ಹುಚ್ಚಿ! ಕೂಸಿನ ಜೀವದ ಸಂಗಟ ಆಟ ಆಡಾಕತ್ತೀಯೇನು?” ಎಂದು ಬೈಯುತ್ತಲೇ ತಂಬಿಗೆ ಕೊಟ್ಟಳು.

ನನಗೂ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ? ಪ್ರತಿಸಲ ಹಾಲೂಡಿಸುವಾಗ ಕೂಸಿನ ಗಂಟಲನ್ನೇ ನೋಡುತ್ತ ಕೂರುತ್ತಿದ್ದೆ. ಗುಟುಕು ನಿಲ್ಲಲಿಲ್ಲ. ಹಾಲು ಬತ್ತಲಿಲ್ಲ.

ಸಂತೆಯ ದಿನ ಅಪ್ಪ ಹೊಸ ಬಾಟಲಿ ತಂದ. “ಗೆದ್ದೆ ನೋಡು!” ಎಂದು ನಾನು ಅವ್ವನನ್ನು ಛೇಡಿಸಿದೆ. ಅವ್ವ ನಗಲಿಲ್ಲ. ಬಿರಡೆ ತೆಗೆಯದ ಬಾಟಲಿಯನ್ನು ಕೈಯಲ್ಲಿ ಹಿಡಿದು, ಹಾಲು ಕುಡಿಯುತ್ತಿದ್ದ ಮೊಮ್ಮಗಳನ್ನು ನೋಡಿದಳು.

“ನಿನಗಿಂತ ಮೊದಲ ಒಂದು ಗಂಡು ಹುಟ್ಟಿತ್ತು,” ಎಂದಳು. “ಹಾಲ ಸಾಲದ ಹೋತು. ನಾನೂ ಆವಾಗ ನೀರ ಕೊಡ್ರಿ, ನೀರ ಕೊಡ್ರಿ ಅಂತ ಭಾಳ ಅತ್ತಿದ್ದೆಬೇ.”