ಹಸಿರು ದಾರದ ಪಂಜರ

ಮೊನ್ನೆ ಬಡಗಿಯೊಬ್ಬ ನಮ್ಮ ಬಾಗಿಲು ಸರಿಮಾಡಿ ಹೋದ. ಮರದ ಹೊಟ್ಟಿನ ವಾಸನೆಗೆ ಎಲ್ಲರಿಗೂ ಕಾಡು ನೆನಪಾಗುತ್ತದಂತೆ. ನನಗೆ ಇಲಿಗಳು ನೆನಪಾದವು. ಮೂಗು ಮುಚ್ಚಿಕೊಳ್ಳಬೇಡಿ. ಬಿಳಿ ಇಲಿಗಳು, ಹೊಟ್ಟಿನ ಹಾಸಿಗೆಯ ಮೇಲೆ ಮಲಗುತ್ತಿದ್ದ ಮರ್ಯಾದಸ್ಥರು.

ಎಪ್ಪತ್ತರ ದಶಕದಲ್ಲಿ ನಾನು ಶಹಾಬಾದಿನ ಕಾಲೇಜೊಂದರ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್. ನಮ್ಮ ಪ್ರೊಫೆಸರರು ಪಿಎಚ್.ಡಿ.ಗೆಂದು ಹಿಂದಿನ ಕೋಣೆಯಲ್ಲಿ ಹೆಣ್ಣಿಲಿಗಳನ್ನು ಸಾಕಿದ್ದರು. ಎಲ್ಲಕ್ಕೂ ಸ್ತನದಲ್ಲಿ ಗಡ್ಡೆ ಬರಿಸುವ ಔಷಧಿ. ಕೆಲವಕ್ಕೆ ಅದಕ್ಕಿಂತ ಮೊದಲೇ, ಎಳವೆಯಲ್ಲಿ, ಬಸುರಿನ ಹಾರ್ಮೋನು. ಉಳಿದವಕ್ಕೆ ಅದೇ ಹಾರ್ಮೋನು, ಔಷಧಿಯಾದ ಮೇಲೆ. ಮೊದಲು ಕೊಟ್ಟವಕ್ಕೆ ಗಡ್ಡೆ ಕಡಿಮೆ, ಆಮೇಲೆ ಕೊಟ್ಟವಕ್ಕೆ ಹೆಚ್ಚು. ಹಾರ್ಮೋನು ಅದೇ, ಹೊತ್ತು ಮಾತ್ರ ಬೇರೆ. ಇದನ್ನು ನಾನೇ ಕಂಡುಹಿಡಿದವನ ಹಾಗೆ ವಾಡಿಗೆ ಹೋಗುವ ರೈಲಿನಲ್ಲಿ ಅಪರಿಚಿತರಿಗೂ ಹೇಳುತ್ತಿದ್ದೆ.

ಪಂಜರ ತೊಳೆಯುತ್ತಿದ್ದವಳು ರಸೂಲಬಿ. ಓದು ಬಾರದ್ದರಿಂದ ಮೊದಲು ಕೊಟ್ಟ ಪಂಜರಕ್ಕೆ ಹಸಿರು ದಾರ, ಆಮೇಲಿನದಕ್ಕೆ ಕೆಂಪು ದಾರ ಕಟ್ಟಿಕೊಂಡಿದ್ದಳು. ಇಲಿಯ ಎದೆ ಸವರಿ, ಜೋಳದ ಕಾಳಿನಷ್ಟು ಗಡ್ಡೆಯನ್ನೂ ನನಗಿಂತ ಮೊದಲೇ ಹಿಡಿಯುತ್ತಿದ್ದಳು.

“ಮೊದ್ಲೇ ಕೊಟ್ರ ಗಡ್ಡಿ ಬರಂಗಿಲ್ಲೇನ್ರಿ ಸಾಬ್?” ಎಂದು ಒಮ್ಮೆ ಕೇಳಿದಳು.

“ಬರಂಗಿಲ್ಲ.” ಕಡಿಮೆ ಎನ್ನಬೇಕಿತ್ತು. ವಿಜ್ಞಾನಿಯ ಗತ್ತಿನಲ್ಲಿದ್ದೆ.

“ಮನಷ್ಯಾರಿಗೂ ಹಂಗೇ ಏನ್ರಿ?”

“ಸಣ್ಣ ವಯಸ್ಸಿನ್ಯಾಗ ಹಡದ್ರ ಹಂಗೇ.”

ಕೇಳುವಾಗ ಅವಳ ಕೈ ತನ್ನದೇ ಎದೆಯ ಮೇಲಿತ್ತು. ಅದು ನನಗೆ ಹೊಳೆದದ್ದು ಆಮೇಲೆ.

ಮರುವಾರ ಅವಳ ಮಣಿಕಟ್ಟಿನಲ್ಲಿ ಹಸಿರು ದಾರವಿತ್ತು. ದರ್ಗಾದ್ದಿರಬೇಕೆಂದು ಸುಮ್ಮನಾದೆ. ಎರಡು ತಿಂಗಳಾದ ಮೇಲೆ ಒಂದು ದಿನ, ಹಸಿರು ಪಂಜರದ ಇಲಿಯೊಂದನ್ನು ಹಿಡಿದು, ಬೆರಳನ್ನು ಒಂದೇ ಕಡೆ ಇಟ್ಟುಕೊಂಡು ಕುಳಿತಿದ್ದಳು.

“ಇದಕ್ಕೂ ಬಂದದ್ರಿ ಸಾಬ್.”

“ಒಂದೊಂದಕ್ಕ ಬರ್ತದ.”

“ಇದು ಆಗ ಹೇಳಬೇಕಿತ್ತಲ್ರಿ? ನಾ ಹದಿನಾರಕ್ಕೇ ಹಡದಾಕಿ. ಹಸಿರು ಪಂಜರದಾಕಿ ಅಂತ ಸುಮ್ನ ಕುಂತಿದ್ದೆ.” ಇಲಿಯನ್ನು ಒಳಗೆ ಬಿಟ್ಟು ಚಿಲಕ ಹಾಕಿದಳು. “ನಂದು ಹುಣಸಿ ಬೀಜದಷ್ಟು ಆಗ್ಯಾದ. ಇನ್ನೂ ಬೆಳಿಲಿಕತ್ತದ.”

ಅಂದೇ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ನೋಡಿ, ಕೈ ತೊಳೆದುಕೊಂಡು ಬಂದು ಕೇಳಿದರು: “ಇಷ್ಟು ದಿನ ಯಾಕ ಬರಲಿಲ್ಲ? ಏನೂ ಆಗಂಗಿಲ್ಲ ಅಂತ ನಿನಗ ಯಾರು ಹೇಳಿದ್ರು?”

ರಸೂಲಬಿ ನನ್ನ ಕಡೆ ನೋಡಲಿಲ್ಲ. “ಯಾರೂ ಹೇಳಿಲ್ರಿ ಡಾಕ್ಟರಬಾಯಿ. ನಂದೇ ದಡ್ಡತನ.”

ನಾನು ಗೋಡೆಯ ಕ್ಯಾಲೆಂಡರನ್ನು ಓದುತ್ತ ನಿಂತೆ.

ಶಸ್ತ್ರಕ್ರಿಯೆಯಾಯಿತು. ಮುಂದಿನ ರಂಜಾನಿಗೆ ಅವಳಿರಲಿಲ್ಲ. ಪ್ರೊಫೆಸರರ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿತ್ತು, ಅವಳದಿರಲಿಲ್ಲ.

ಇಷ್ಟು ವರ್ಷ ಈ ಇಲಿಗಳ ಕಥೆಯನ್ನು ನಗಿಸಲಿಕ್ಕೆಂದು ಹೇಳುತ್ತ ಬಂದಿದ್ದೇನೆ, ಆಸ್ಪತ್ರೆಯ ಭಾಗ ಬಿಟ್ಟು. ಇವತ್ತು ನಿಮ್ಮೆದುರು ಬಿಡಲಾಗಲಿಲ್ಲ, ನಾಚಿಕೆಯಾಗುತ್ತದೆ. ಡಾಕ್ಟರಮ್ಮ, ಹೇಳಿದವನು ನಾನು.