ಮುಖ ಸಿಕ್ಕಿಬಿದ್ದವಳು

ನನ್ನ ತಂಗಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಹೀರೋಯಿನ್. ಹೊಗಳಿ ಇಟ್ಟದ್ದಲ್ಲ. ಔಷಧಿ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ನಿಂತು ಮಾತ್ರೆ ಕೊಡುವ ಕೆಲಸ ಅವಳದು. ಅದನ್ನು ಬಿಟ್ಟು ಸಿನಿಮಾಕ್ಕೆ ಸೇರುತ್ತೇನೆ ಎಂದಾಗ ಅವಳಿಗೆ ಮೂವತ್ತು ದಾಟಿತ್ತು. ನಾನು ಹೊಲಿಗೆ ಮಿಷನ್ ನಿಲ್ಲಿಸಿ, "ನಿಂಗೇನು ತಲೆ ಕೆಟ್ಟಿದ್ಯೇನೇ?" ಎಂದೆ. ಅಮ್ಮ ಮಾತ್ರ, "ಹೋಗ್ಲಿ ಬಿಡೇ, ಸ್ಕೂಲಲ್ಲಿ ಎಷ್ಟು ಚೆನ್ನಾಗಿ ನಾಟಕ ಆಡ್ತಿದ್ಲು" ಎಂದು ಅವಳ ಪರ ನಿಂತಳು. ಶಾಲೆಯ ನಾಟಕದಲ್ಲಿ ಅವಳು ಆಗಿದ್ದು ಮರ. ಅಮ್ಮನಿಗೆ ಅದೆಲ್ಲ ಲೆಕ್ಕಕ್ಕಿಲ್ಲ.

ತಂಗಿಯ ಆಸೆ ದೊಡ್ಡದೇನಲ್ಲ. ಒಂದು ಮಾತು. ತೆರೆಯ ಮೇಲೆ ತನ್ನ ಬಾಯಿಂದ ಒಂದು ಮಾತು ಬಂದರೆ ತಾನು ನಟಿ, ಅಲ್ಲಿಯವರೆಗೆ ಗುಂಪಿನಲ್ಲಿ ಒಂದು ತಲೆ ಅಷ್ಟೇ ಎನ್ನುತ್ತಿದ್ದಳು.

ಶೂಟಿಂಗಿಗೆ ಜನ ಒದಗಿಸುವ ಏಜೆಂಟಮ್ಮ ಮೊದಲ ದಿನವೇ ಎಚ್ಚರಿಸಿದ್ದಳಂತೆ: "ನೋಡಮ್ಮಾ, ಕ್ಯಾಮೆರಾ ಕಡೆ ತಿರುಗ್ಬೇಡ. ಮುಖ ಸಿಕ್ಕಿಬಿತ್ತು ಅಂದ್ರೆ ಆ ಪಿಕ್ಚರಲ್ಲಿ ನಿನ್ನ ಕಥೆ ಮುಗೀತು. ಬೆನ್ನಾದ್ರೆ ಎಷ್ಟು ಸೀನಿಗೆ ಬೇಕಾದ್ರೂ ಆಗುತ್ತೆ." ಆಸ್ಪತ್ರೆಯಲ್ಲಿ ಕಂಡ ಹೆಂಗಸೇ ಕೋರ್ಟಿನಲ್ಲೂ ಕಂಡರೆ ನೋಡುವವರು ನಗುತ್ತಾರಲ್ಲ, ಅದಕ್ಕೆ. ಹೀಗಾಗಿ ಮುಖ ತೋರಿಸಲು ಹೋದ ನನ್ನ ತಂಗಿ ಮುಖ ಮರೆಸುವುದನ್ನು ಕಲಿತಳು. ಹೊತ್ತಿಗೆ ಸರಿಯಾಗಿ ಕೆಮ್ಮುವುದು, ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವುದು, ಯಾರದೋ ಮಗುವನ್ನು ಎತ್ತಿಕೊಂಡು ಅಡ್ಡ ಹಿಡಿಯುವುದು. ಇದಕ್ಕೂ ಬೆಳಕು ಹರಿಯುವ ಮುನ್ನ ಎದ್ದು ಹೋಗಬೇಕಿತ್ತು.

ಆ ಸಿನಿಮಾಗಳು ಟೀವಿಯಲ್ಲಿ ಬಂದಾಗ ಅಮ್ಮ ತೆರೆಗೆ ಮೂಗು ತಾಗಿಸುವಷ್ಟು ಹತ್ತಿರ ಕೂರುತ್ತಿದ್ದಳು.

"ಇದು ನೀನೇನೇ?"

"ಅದು ಕಂಬ ಅಮ್ಮಾ."

"ಮತ್ತೆ ಇದು?"

"ಪಕ್ಕದವಳ ಬೆನ್ನು."

"ಒಂದ್ಸಲ ಈ ಕಡೆ ತಿರುಗಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಅಮ್ಮ ಕನ್ನಡಕ ತೆಗೆದಿಟ್ಟಳು. ತಂಗಿ ಎದ್ದು ಅಡುಗೆಮನೆಗೆ ಹೋದಳು.

ಆ ಮಾತು ನಾಟಿರಬೇಕು. ಮುಂದಿನ ಸಿನಿಮಾದಲ್ಲಿ ಹೀರೋ ಯಾವುದೋ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ದೃಶ್ಯ. ಉಳಿದವರೆಲ್ಲ ಬಸ್ಸಿನ ಕಡೆ ನೋಡುತ್ತಿದ್ದಾಗ ಇವಳು ಚೀಲ ಹಿಡಿದುಕೊಂಡು ಮೆಲ್ಲಗೆ ಕ್ಯಾಮೆರಾ ಕಡೆ ತಿರುಗಿದಳು. ಯಾರೂ ಬೈಯಲಿಲ್ಲ. ಮನೆಗೆ ಬಂದು ಅಮ್ಮನ ಕಿವಿಯಲ್ಲಿ ಹೇಳಿದಳು, ಅಮ್ಮ ಬೀದಿಗೆಲ್ಲ ಹೇಳಿದಳು.

ಗ್ರಹಚಾರ ನೋಡಿ, ಮಾತು ಸಿಕ್ಕಿದ್ದೂ ಅದೇ ಸಿನಿಮಾದಲ್ಲಿ. ಹೀರೋ ತನ್ನ ಅಕ್ಕನನ್ನು ಹುಡುಕುತ್ತಾ ಬಂದು ಒಂದು ಮನೆಯ ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆದ ಹೆಂಗಸು ಹೇಳಬೇಕು: "ನೀವು ಹುಡುಕ್ತಿರೋರು ಇಲ್ಲಿಲ್ಲ. ಹೋಗಿ ತುಂಬಾ ದಿನ ಆಯ್ತು." ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ ಅವಳ ಬಾಯಲ್ಲಿ ಅದೇ. ಮಿಷನ್ನಿನ ಸದ್ದಿನಲ್ಲೂ ಕೇಳಿಸಿಕೊಂಡು ನನಗೂ ಬಾಯಿಪಾಠವಾಯಿತು. ರೇಗಿಸುತ್ತಿದ್ದೆ ನಿಜ, ಆದರೆ ಒಳಗೊಳಗೇ ನನಗೂ ಹೆಮ್ಮೆಯೇ. ಅವಳಿಗೊಂದು ಹೊಸ ರವಿಕೆಯನ್ನೂ ಹೊಲಿದುಕೊಟ್ಟೆ.

ಸೆಟ್ಟಿನಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ಅವಳನ್ನೊಮ್ಮೆ, ತನ್ನ ಮೊಬೈಲನ್ನೊಮ್ಮೆ ನೋಡಿದ. "ಇವ್ರಾಗಲ್ಲ. ಬಸ್ ಸ್ಟ್ಯಾಂಡಲ್ಲಿ ಮುಖ ಸಿಕ್ಕಿಬಿದ್ದಿದೆ. ಅದು ಬೇರೆ ಊರು, ಇದು ಬೇರೆ ಊರು." ನಾನಿದ್ದಿದ್ದರೆ ಕೇಳುತ್ತಿದ್ದೆ, ಬಸ್ಸು ಇರುವುದು ಮತ್ತೇತಕ್ಕಪ್ಪಾ ಎಂದು. ಇವಳು ತಲೆ ತಗ್ಗಿಸಿ ನಿಂತಳಂತೆ. ಏಜೆಂಟಮ್ಮ ಕಾಡಿ ಬೇಡಿದ ಮೇಲೆ ಒಂದು ದಾರಿ ಹುಡುಕಿದರು: ಬಾಗಿಲು ತೆರೆಯುವುದೇ ಬೇಡ, ಒಳಗಿನಿಂದ ಧ್ವನಿ ಮಾತ್ರ ಬರಲಿ. ಆ ಬಾಗಿಲಿನ ಹಿಂದೆ ಮನೆಯೇ ಇರಲಿಲ್ಲ, ಪ್ಲೈವುಡ್ಡಿಗೆ ಆಸರೆ ಕೊಟ್ಟ ಕೋಲುಗಳಿದ್ದವು. ಅವುಗಳ ನಡುವೆ ನಿಂತು ಅವಳು ತನ್ನ ಮಾತು ಹೇಳಿದಳು. ಆಚೆಯಿಂದ ಓಕೆ ಎಂದರು.

"ಮುಖ ಹೋದ್ರೆ ಹೋಗ್ಲಿ ಬಿಡಕ್ಕ, ಮಾತು ಉಳೀತಲ್ಲ" ಎಂದು ಮನೆಗೆ ಬಂದು ನನಗೆ ಸಮಾಧಾನ ಹೇಳಿದಳು. ಅಮ್ಮನಿಗೂ ಬಾಗಿಲಿನ ವಿಷಯ ತಿಳಿಸಿದೆವು.

ಸಿನಿಮಾ ಬಂತು. ಮೂವರೂ ಮಧ್ಯಾಹ್ನದ ಆಟಕ್ಕೆ ಹೋದೆವು. ಹೀರೋ ಬಸ್ಸಿನಿಂದ ಇಳಿಯಲೇ ಇಲ್ಲ, ನೇರ ಬೀದಿಯಲ್ಲಿ ನಡೆದುಕೊಂಡು ಬಂದ. ಉದ್ದವಾಯಿತೆಂದು ಬಸ್ ಸ್ಟ್ಯಾಂಡನ್ನೇ ಕತ್ತರಿಸಿದ್ದರು. ಅಮ್ಮ ಕತ್ತು ಚಾಚಿ ಹುಡುಕುತ್ತಲೇ ಇದ್ದಳು. ಕೊನೆಗೆ ಆ ಬಾಗಿಲು ಬಂತು, ಹೀರೋ ತಟ್ಟಿದ. ತಂಗಿ ನನ್ನ ಕೈ ಬಿಗಿಯಾಗಿ ಹಿಡಿದಳು. ಒಳಗಿನಿಂದ ಧ್ವನಿ ಕೇಳಿಸಿತು: "ನೀವು ಹುಡುಕ್ತಿರೋರು ಇಲ್ಲಿಲ್ಲ."

ಅದು ನನ್ನ ತಂಗಿಯ ದನಿಯಲ್ಲ. ಅವಳದು ಸ್ವಲ್ಪ ಒಡಕು ದನಿ. ಇದು ಡಬ್ಬಿಂಗ್ ಮಾಡಿದ ಇನ್ಯಾರದೋ ಸಕ್ಕರೆಯಂಥ ದನಿ. ತಂಗಿಯ ಹಿಡಿತ ಸಡಿಲವಾಯಿತು. ಎದ್ದು ಹೋಗಿ ಆ ತೆರೆ ಹರಿದುಹಾಕುವಷ್ಟು ಸಿಟ್ಟು ಬಂತು ನನಗೆ. ಅಷ್ಟರಲ್ಲಿ ಅಮ್ಮ ಮುಂದಿನ ಸಾಲಿನವರ ಹೆಗಲು ತಟ್ಟಿ, "ಕೇಳಿದ್ರಾ? ನನ್ನ ಮಗಳು! ಮೈಕಲ್ಲಿ ಎಷ್ಟು ಚೆನ್ನಾಗಿ ಕೇಳ್ಸುತ್ತೆ ನೋಡಿ" ಎಂದಳು. ನಾನು ಬಾಯಿ ತೆರೆದೆ. ತಂಗಿ ನನ್ನ ಮೊಣಕಾಲು ಒತ್ತಿ ಸುಮ್ಮನಾಗಿಸಿದಳು.

ಮನೆ ಮುಟ್ಟುವ ಹೊತ್ತಿಗೆ ಅಕ್ಕಪಕ್ಕದವರು ಮೆಟ್ಟಿಲ ಮೇಲೆ ಕೂತಿದ್ದರು. ಅಮ್ಮನ ಕಾಲು ನೆಲದ ಮೇಲಿರಲಿಲ್ಲ. "ಹೇಳೇ, ಇವ್ರಿಗೂ ಒಂದ್ಸಲ ಹೇಳು" ಎಂದು ತಂಗಿಯನ್ನು ಮುಂದೆ ತಳ್ಳಿದಳು. ತಂಗಿ ತನ್ನದೇ ದನಿಯಲ್ಲಿ ಹೇಳಿದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ ನನ್ನ ಕಣ್ಣು ತುಂಬಿತು.

ಅಮ್ಮನ ಮುಖ ಸಪ್ಪಗಾಯಿತು. "ಹಾಗಲ್ಲ ಕಣೇ. ಸಿನಿಮಾದಲ್ಲಿ ಹೇಳಿದ್ಯಲ್ಲ, ಹಾಗೆ ಹೇಳು."

ತಂಗಿ ಗಂಟಲು ಸರಿಮಾಡಿಕೊಂಡು, ಆ ಇನ್ನೊಬ್ಬಳ ಹಾಗೆ ಹೇಳಲು ಶುರುಮಾಡಿದಳು.